ಪಂಪ್‌ಸೆಟ್ ಕೆಪಾಸಿಟರ್, ತಂಬೂರಿಯ ಗಾಂಧಾರ

ಹಾಸನದಲ್ಲಿ ಎಪ್ಪತ್ತು ಎಂಬತ್ತು ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಅಂದೇ ಕೈಗೆ ಸಿಗಬೇಕೆಂದರೆ ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಗೆ ಹೋಗಬೇಕು. ನಾನು ಹೋದೆ. 36ರದ್ದು ನಾಲ್ಕು ಬೇಕು, ಜೊತೆಗೆ ಸೀಲಿಂಗ್ ಫ್ಯಾನಿನ 2.5ರದ್ದು ಒಂದು ಹಿಡಿ ಕೊಡಿ ಎಂದೆ.

“ಎಷ್ಟು ಎಚ್‌.ಪಿ. ಮೋಟಾರು ಸರ್?” ಎಂದು ಅಂಗಡಿಯವರು ಕೇಳಿದರು.

“ಮೋಟಾರಿಗಲ್ಲ, ಸ್ಪೀಕರಿಗೆ.”

ಅವರು ನನ್ನ ಮುಖ ನೋಡಿ, ಕೆಪಾಸಿಟರ್ ನೋಡಿ, “ಸ್ಪೀಕರ್ ಎಷ್ಟು ಆಳದಲ್ಲಿದೆ?” ಎಂದರು. ಹಾಸ್ಯ ಮಾಡಿದರೋ ನಿಜವಾಗಿ ಕೇಳಿದರೋ ಇಂದಿಗೂ ಗೊತ್ತಿಲ್ಲ. ನಾನು ಜೇಬಿನಿಂದ ಮೀಟರ್ ತೆಗೆದು ಒಂದೊಂದನ್ನೇ ಅಳೆಯಲು ಶುರು ಮಾಡಿದಾಗ ಮಾತ್ರ ಅವರು ಸ್ಟೂಲು ತಂದುಕೊಟ್ಟರು.

ಸ್ಪೀಕರುಗಳು ನನ್ನ ಸೋದರಮಾವನವು. ಸಕಲೇಶಪುರದ ಆಚೆ ಅವರ ಕಾಫಿ ತೋಟದ ಮನೆಯಲ್ಲಿ ಬಹಳ ವರ್ಷ ನಿಂತಿದ್ದವು. ಮ್ಯಾಗ್ನೆಪ್ಲೇನರ್, ಅಮೆರಿಕದ ಮಿನ್ನೆಸೋಟದಲ್ಲಿ ತಯಾರಾದವು, 80ರ ದಶಕದವು. ಈ ಬಗೆಯ ಸ್ಪೀಕರನ್ನು ರೂಪಿಸಿದ ಜಿಮ್ ವೈನಿ ಎಂಬ ಎಂಜಿನಿಯರ್ 1969ರಲ್ಲಿ ಮ್ಯಾಗ್ನೆಪಾನ್ ಕಂಪನಿ ಕಟ್ಟಿದರು. ಪೆಟ್ಟಿಗೆ ಇಲ್ಲ, ಕಾಗದದ ಕೋನ್ ಇಲ್ಲ. ಆರಡಿಗೆ ಹತ್ತಿರದ ಎತ್ತರದ ಚೌಕಟ್ಟಿನಲ್ಲಿ ಮೈಲಾರ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಅದರ ಮೇಲೆ ತಂತಿಯನ್ನು ಅಂಟಿಸಿ, ಎದುರಿಗೆ ಅಯಸ್ಕಾಂತದ ಪಟ್ಟಿಗಳ ಸಾಲು ಕೂರಿಸಿರುತ್ತಾರೆ. ತಂತಿಯಲ್ಲಿ ಕರೆಂಟು ಹರಿದಾಗ ಇಡೀ ಹಾಳೆ ಅಲುಗುತ್ತದೆ. ಮೇಲಿನ ಸ್ವರಗಳಿಗೆ ಹಾಳೆಯೂ ಇಲ್ಲ, ಕೆಲವೇ ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ರಿಬ್ಬನ್ ಒಂದೇ. ಜೋರಾಗಿ ಉಸಿರು ಬಿಟ್ಟರೆ ನಡುಗುವಂಥದ್ದು.

ಮಾವನ ದೂರು ಸರಳವಾಗಿತ್ತು: “ಮೊದಲಿನ ಹಾಗೆ ಹಾಡುತ್ತಿಲ್ಲ. ಗಾಯಕರು ಬಲಗಡೆಗೆ ಸರಿದು ಕೂರುತ್ತಾರೆ.” ಎಂಬತ್ತು ದಾಟಿದವರ ಕಿವಿಯ ಮಾತು ಎಂದು ಮನೆಯವರು ತಳ್ಳಿಹಾಕಿದ್ದರು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವನು. ದೂರು ಇಷ್ಟು ನಿಖರವಾಗಿದ್ದರೆ ಅದರ ಹಿಂದೆ ಏನಾದರೂ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ಮಳೆಗಾಲಕ್ಕೆ ಮುಂಚೆ ಎರಡನ್ನೂ ಹಾಸನದ ನಮ್ಮ ಮನೆಗೆ ತರಿಸಿದೆ.

ಸ್ವರಗಳನ್ನು ಹಾಳೆಗಳಿಗೂ ರಿಬ್ಬನ್ನಿಗೂ ಹಂಚುವ ಸರ್ಕ್ಯೂಟಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ಅದನ್ನು ಮುಟ್ಟುವ ಮೊದಲು ಹಾಳೆಯನ್ನು ನೋಡಬೇಕು. ಹಳೆಯ ಮ್ಯಾಗ್ನೆಪ್ಲೇನರುಗಳ ದೊಡ್ಡ ಕಾಯಿಲೆ ತಂತಿಯ ಅಂಟು ಬಿಡುವುದು. ಬಿಸಿಲು, ಶೆಕೆ, ತೇವ ಮೂರೂ ಅದಕ್ಕೆ ಶತ್ರು, ಮಲೆನಾಡಿನಲ್ಲಿ ಕೊನೆಯದರ ಕೊರತೆ ಇಲ್ಲ. ಅಂಟು ಬಿಟ್ಟಲ್ಲಿ ತಂತಿ ಹಾಳೆಗೆ ಬಡಿದು ಕೆಲವು ಸ್ವರಗಳಲ್ಲಿ ಗಿರ್ ಎನ್ನುತ್ತದೆ. ಇದನ್ನು ಕೆಪಾಸಿಟರಿನ ದೋಷವೆಂದು ತಿಳಿದು ದುಡ್ಡು ಸುರಿದವರಿದ್ದಾರೆ. ಮೊಬೈಲಿನಿಂದ ಒಂದೇ ಸ್ವರವನ್ನು 40 ಹರ್ಟ್ಜ್‌ನಿಂದ ಮೆಲ್ಲಗೆ ಮೇಲೇರಿಸುತ್ತ ಹೋದೆ. ಎಡಗಡೆಯ ಪ್ಯಾನೆಲ್‌ನ ಕೆಳಮೂಲೆಯಲ್ಲಿ ಒಂದು ಗೇಣು ತಂತಿ ಸಡಿಲವಾಗಿತ್ತು. ಬಟ್ಟೆ ಬಿಚ್ಚಿ ಅಂಟಿಸಿದೆ. ಆ ಬಟ್ಟೆಯ ಹಳೆಯ ಸ್ಟೇಪಲ್ ಪಿನ್ನುಗಳನ್ನು ಕೀಳುವುದು ಬೇರೆಯೇ ಒಂದು ಪುರಾಣ, ಅದು ಇಲ್ಲಿ ಬೇಡ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ರಿಬ್ಬನ್ನಿನ ಪಕ್ಕದ ಅಯಸ್ಕಾಂತಕ್ಕೆ ಕರುಣೆ ಇಲ್ಲ. ಉಕ್ಕಿನ ಸ್ಕ್ರೂಡ್ರೈವರ್ ಹತ್ತಿರ ಒಯ್ದರೆ ಕೈಯಿಂದ ಕಿತ್ತುಕೊಂಡು ರಿಬ್ಬನ್ನನ್ನು ಸೀಳಿಬಿಡುತ್ತದೆ. ಕತ್ತರಿಸಿದ ತಂತಿಯ ಕಬ್ಬಿಣದ ಚೂರು, ಪಿನ್ನು, ಯಾವುದೂ ಆ ಕೋಣೆಯಲ್ಲಿ ಇರಕೂಡದು. ಆದ್ದರಿಂದ ಬೆಸುಗೆಯ ಕೆಲಸವನ್ನೆಲ್ಲ ಹಿತ್ತಿಲ ಕಟ್ಟೆಯ ಮೇಲೆ ಮಾಡಿದೆ.

ಈಗ ಕ್ರಾಸ್‌ಓವರ್. ಕಾಲುವೆಯ ತೂಬು ಯಾವ ಗದ್ದೆಗೆ ಎಷ್ಟು ನೀರು ಎಂದು ಹಂಚುವಂತೆ ಇದು ಮಂದ್ರವನ್ನು ಒಂದು ಹಾಳೆಗೆ, ಮಧ್ಯವನ್ನು ಇನ್ನೊಂದಕ್ಕೆ, ತಾರವನ್ನು ರಿಬ್ಬನ್ನಿಗೆ ಕಳಿಸುತ್ತದೆ. ಕಾಯಿಲ್ ಮೇಲಿನದನ್ನು ತಡೆಯುತ್ತದೆ, ಕೆಪಾಸಿಟರ್ ಕೆಳಗಿನದನ್ನು ತಡೆಯುತ್ತದೆ. ಮಾಮೂಲಿ ಕೋನ್ ಸ್ಪೀಕರಿನಲ್ಲಿ ಲೆಕ್ಕ ಹಾಕುವುದು ತಲೆನೋವು, ಏಕೆಂದರೆ ಅದರ ಪ್ರತಿರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಇಂಥ ಹಾಳೆಯ ಸ್ಪೀಕರು, ಅಂದರೆ ಪ್ಲೇನರ್, ಈ ವಿಷಯದಲ್ಲಿ ಸಾಧು ಪ್ರಾಣಿ. ಅದು ಹೆಚ್ಚುಕಡಿಮೆ ಬರಿಯ ರೆಸಿಸ್ಟರಿನಂತೆ ನಡೆದುಕೊಳ್ಳುತ್ತದೆ. ಆದ್ದರಿಂದ ಡಿಪ್ಲೊಮಾ ಪುಸ್ತಕದ ಸೂತ್ರ ಇಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. 4 ಓಮ್‌ನ ಹಾಳೆಗೆ ಸರಣಿಯಲ್ಲಿ 80 ಮೈಕ್ರೋಫ್ಯಾರಡ್ ಇಟ್ಟರೆ ಕೆಳಗಿನ ಸ್ವರಗಳನ್ನು ತಡೆಯುವ ಗಡಿ ಸುಮಾರು 500 ಹರ್ಟ್ಜ್. ಕೆಪಾಸಿಟರ್ ಚಿಕ್ಕದಾದರೆ ಗಡಿ ಮೇಲಕ್ಕೆ ಹೋಗುತ್ತದೆ, ದೊಡ್ಡದಾದರೆ ಕೆಳಕ್ಕಿಳಿಯುತ್ತದೆ.

ಮಾವನ ಸ್ಪೀಕರುಗಳಲ್ಲಿ ಮಧ್ಯದ ಹಾಳೆಗೆ ಇದ್ದದ್ದು ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಗುಂಪು, ಒಂದೊಂದು ಕಡೆಯ ಗುಂಪಿಗೂ 80 ಎಂದು ಗುರುತು. ಬಿಚ್ಚಿ ಅಳೆದರೆ ಎಡಗಡೆ 71, ಬಲಗಡೆ 84. ಅಷ್ಟೇ ಅಲ್ಲ, ಎಡಗಡೆಯದರ ಒಳಪ್ರತಿರೋಧ ಅರ್ಧ ಓಮ್ ದಾಟಿತ್ತು. ಎಲೆಕ್ಟ್ರೋಲಿಟಿಕ್ ಮುಪ್ಪಾಗುವುದು ಹೀಗೆಯೇ, ಒಳಗಿನ ದ್ರವ ಒಣಗುತ್ತ ಹೋಗುತ್ತದೆ, ಎರಡು ಒಂದೇ ವೇಗದಲ್ಲಿ ಒಣಗುವುದಿಲ್ಲ. ಸೂತ್ರ ಹಚ್ಚಿ ನೋಡಿದೆ: 490 ಹರ್ಟ್ಜ್‌ನ ಸುತ್ತ ಎಡ ಸ್ಪೀಕರಿನ ಮಧ್ಯದ ಹಾಳೆ ಬಲದ್ದಕ್ಕಿಂತ ಸುಮಾರು ಒಂದು ಡೆಸಿಬೆಲ್ ಹಿಂದೆ. ಒಂದು ಡೆಸಿಬೆಲ್ ಎಂದರೆ ಏನು ಮಹಾ ಎನ್ನಬಹುದು. ಒಂದೇ ಸ್ಪೀಕರಿನಲ್ಲಿ ಅದು ಗೊತ್ತೂ ಆಗಲಿಕ್ಕಿಲ್ಲ. ಎರಡು ಸ್ಪೀಕರಿನ ನಡುವೆ ಗಾಯಕನನ್ನು ಕೂರಿಸುವಾಗ ಮಾತ್ರ ಅದು ಅವನ ಮಣೆಯನ್ನೇ ಎಳೆಯುತ್ತದೆ. ಮಾವನ ಕಿವಿ ಸರಿಯಾಗಿಯೇ ಇತ್ತು.

490 ಎಂಬ ಅಂಕಿಯನ್ನು ಹಿಡಿದದ್ದಕ್ಕೆ ಕಾರಣವಿದೆ. ನನ್ನ ಸೊಸೆ ಹಾಡುತ್ತಾಳೆ, ಐದು ಮನೆ ಶ್ರುತಿ. ಅವಳ ತಂಬೂರಿಯ ಮಧ್ಯದ ಎರಡು ತಂತಿ 196 ಹರ್ಟ್ಜ್‌ನ ಷಡ್ಜ, ಕೊನೆಯ ತಂತಿ ಮಂದ್ರ ಷಡ್ಜ, 98. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಂಬ ಸೇತುವೆಯ ಮೇಲೆ ತಂತಿಯಡಿ ನೂಲನ್ನು ಸರಿಯಾದ ಜಾಗಕ್ಕೆ ತಂದಾಗ ಆ ಮಂದ್ರದಿಂದ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಎದ್ದು ಕೇಳುತ್ತದೆ. ಸಂಗೀತಗಾರರು ಸ್ವಯಂಭೂ ಗಾಂಧಾರ ಎನ್ನುವುದು ಇದನ್ನೇ. ಅದು ಮಂದ್ರ ಷಡ್ಜದ ಐದನೆಯ ಉಪಸ್ವರ, 98ರ ಐದು ಪಟ್ಟು, 490. ಅಂದರೆ ಮಂದ್ರದ ಹಾಳೆಯೂ ಮಧ್ಯದ ಹಾಳೆಯೂ ಕೈ ಬದಲಿಸುವ ಗಡಿಯ ಮೇಲೇ ಅದು ಬಂದು ನಿಲ್ಲುತ್ತದೆ. ತಂತಿಯ ಮೈ ಒಂದು ಹಾಳೆಯಲ್ಲಿ, ಗಾಂಧಾರ ಎರಡಕ್ಕೂ ಹಂಚಿ. ಕ್ರಾಸ್‌ಓವರಿನ ಹೊಲಿಗೆ ಬಿಟ್ಟಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಯಾವ ಪ್ರಯೋಗಾಲಯದಲ್ಲಿಯೂ ಸಿಕ್ಕಿರಲಿಲ್ಲ.

ಅವಳನ್ನು ಕೇಳಿದೆ, “ನಿನ್ನ ತಂಬೂರಿಯನ್ನು ಕೆಲವು ದಿನ ಹಾಲ್‌ನಲ್ಲಿ ಇಡುತ್ತೀಯಾ, ತಾಯಿ?”

“ಇಡುತ್ತೇನೆ ಮಾವ. ಬೆಸುಗೆ ಕಡ್ಡಿಯನ್ನು ಅದರ ಹತ್ತಿರ ತರಬೇಡಿ, ಅಷ್ಟೇ.”

ಇಲ್ಲಿ ‘ಕಿವಿಯಿಂದ ಹೊಂದಿಸುವುದು’ ಎಂಬ ಮಾತಿಗೆ ಒಂದು ತಕರಾರು ಎತ್ತಬೇಕು. ಯಾರ ಕಿವಿಯಿಂದ? ನನ್ನ ವಯಸ್ಸಿನಲ್ಲಿ ಹತ್ತು ಹನ್ನೆರಡು ಸಾವಿರ ಹರ್ಟ್ಜ್‌ನ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ. ನನಗೆ ಹಿತವಾಗುವಷ್ಟು ತಾರವನ್ನು ಏರಿಸಿದರೆ ಮೊಮ್ಮಗಳು ಕಿವಿ ಮುಚ್ಚಿಕೊಂಡು ಓಡುತ್ತಾಳೆ. ನಿಜವಾಗಿಯೂ ಓಡಿದಳು. ಆದರೆ ಎದುರಿಗೆ ನಿಜವಾದ ತಂಬೂರಿ ಇದ್ದರೆ ಮಾತೇ ಬೇರೆ. ನನ್ನ ಕಿವಿ ಏನನ್ನು ಕಳೆದುಕೊಂಡಿದೆಯೋ ಅದನ್ನು ತಂಬೂರಿಯಿಂದಲೂ ಕಳೆಯುತ್ತದೆ, ಸ್ಪೀಕರಿನಿಂದಲೂ ಕಳೆಯುತ್ತದೆ. ಇವೆರಡರ ನಡುವಿನ ಅಂತರವನ್ನು ಮುದಿ ಕಿವಿಯೂ ಹೇಳಬಲ್ಲದು. ಚೆನ್ನಾಗಿದೆಯೇ ಎಂದು ಕೇಳಿಕೊಳ್ಳುವುದನ್ನು ಬಿಟ್ಟೆ. ಅದರ ಹಾಗೆ ಇದೆಯೇ ಎಂದಷ್ಟೇ ಕೇಳಿಕೊಂಡೆ. ಸೊಸೆಯ ತಂಬೂರಿಯನ್ನು ಹಿತ್ತಿಲಲ್ಲಿ, ಗೋಡೆಗಳ ಮಾರ್ದನಿ ಇಲ್ಲದ ಕಡೆ, ಹತ್ತಿರದಿಂದ ಧ್ವನಿಮುದ್ರಿಸಿಕೊಂಡೆ. ಹಾಲ್‌ನಲ್ಲಿಯೇ ಮುದ್ರಿಸಿ ಹಾಲ್‌ನಲ್ಲಿಯೇ ಕೇಳಿದರೆ ಕೋಣೆಯ ಬಣ್ಣ ಎರಡು ಸಲ ಬಳಿದಂತಾಗುತ್ತದೆ. ಮೈಕಿಗೂ ತನ್ನದೇ ಬಣ್ಣ ಇರುತ್ತದೆ, ನಿಜ. ಅದನ್ನು ಸಹಿಸಿಕೊಂಡೆ.

ಕೆಪಾಸಿಟರಿಗೂ ಮುಂಚೆ ಗೋಡೆ. ಈ ಸ್ಪೀಕರಿಗೆ ಪೆಟ್ಟಿಗೆ ಇಲ್ಲವಾದ್ದರಿಂದ ಹಿಂದಕ್ಕೂ ಅಷ್ಟೇ ಸದ್ದು ಹೊರಡುತ್ತದೆ, ಆದರೆ ತಲೆಕೆಳಗಾಗಿ. ಹಿಂದಿನ ಅಲೆ ಗೋಡೆಗೆ ಬಡಿದು ವಾಪಸು ಬಂದು ಮುಂದಿನದರೊಡನೆ ಕೂಡುವಾಗ ಕೆಲವು ಸ್ವರಗಳನ್ನು ತಿಂದುಹಾಕುತ್ತದೆ. ಗೋಡೆಯಿಂದ ಎರಡಡಿ ದೂರವಿದ್ದರೆ ಮೊದಲ ಕಚ್ಚು ಸುಮಾರು 280 ಹರ್ಟ್ಜ್‌ನಲ್ಲಿ, ಸರಿಯಾಗಿ ಗಂಡಸಿನ ಕಂಠದ ನಡುವೆ. ನಾಲ್ಕಡಿಗೆ ಎಳೆದರೆ 140ಕ್ಕೆ ಇಳಿಯುತ್ತದೆ, ಅಲ್ಲಿ ಅದರ ಉಪದ್ರವ ಕಡಿಮೆ. ನಾಲ್ಕಡಿಗೆ ಎಳೆದೆ. ಹಾಲ್‌ನಲ್ಲಿ ಓಡಾಡಲು ಉಳಿದ ಜಾಗದ ಬಗ್ಗೆ ಮನೆಯಾಕೆ ಹೇಳಿದ್ದನ್ನು ಬರೆಯುವುದಿಲ್ಲ. ಸಾವಿರಾರು ರೂಪಾಯಿಯ ಬಿಡಿಭಾಗ ಹಾಕುವವರು ಗೋಡೆಗೆ ಅಂಟಿಸಿಯೇ ಕೇಳುವುದನ್ನು ನೋಡಿದ್ದೇನೆ. ಅವರ ಕೈಯಿಂದ ಬೆಸುಗೆ ಕಡ್ಡಿ ಕಿತ್ತುಕೊಂಡು ಅಳತೆ ಟೇಪು ಕೊಡಬೇಕು ಅನ್ನಿಸುತ್ತದೆ.

ಕ್ರಾಸ್‌ಓವರನ್ನು ಸ್ಪೀಕರಿನಿಂದ ಹೊರಗೆ ತಂದು ಹಲಸಿನ ಹಲಗೆಯ ಮೇಲೆ ಕೂರಿಸಿದೆ. ಹಲಗೆ ಹಳೆಯ ಮಂಚದ್ದು. ಹಿತ್ತಾಳೆಯ ಸ್ಕ್ರೂ, ಹಿತ್ತಾಳೆಯ ಕನೆಕ್ಟರ್, ಏಕೆಂದರೆ ಕಾಯಿಲ್‌ನ ಪಕ್ಕ ಕಬ್ಬಿಣವಿದ್ದರೆ ಅದರ ಅಳತೆಯೇ ಬದಲಾಗುತ್ತದೆ. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಅಡ್ಡಲಾಗಿ, ದೂರದಲ್ಲಿ ಇಟ್ಟೆ. ಒಂದೇ ದಿಕ್ಕಿಗೆ ಮುಖ ಮಾಡಿ ಹತ್ತಿರವಿದ್ದರೆ ಒಂದರ ಕರೆಂಟು ಇನ್ನೊಂದರಲ್ಲಿ ಇಣುಕುತ್ತದೆ.

ಪಂಪ್‌ಸೆಟ್ ಕೆಪಾಸಿಟರ್ ಏಕೆ ಎಂದು ಕೇಳುವವರಿಗೆ: ಮೋಟಾರಿನ ರನ್ ಕೆಪಾಸಿಟರಿನ ಒಳಗೆ ಇರುವುದು ಲೋಹ ಲೇಪಿಸಿದ ಪಾಲಿಪ್ರೊಪಿಲೀನ್ ಫಿಲ್ಮು. ದುಬಾರಿ ಆಡಿಯೋ ಕೆಪಾಸಿಟರುಗಳ ಒಳಗೂ ಸಾಮಾನ್ಯವಾಗಿ ಅದೇ ಪದಾರ್ಥ. 440 ವೋಲ್ಟ್ ತಡೆಯುತ್ತದೆ, ವರ್ಷಗಟ್ಟಲೆ ನೀರೆತ್ತುತ್ತದೆ. ಸ್ಟಾರ್ಟ್ ಕೆಪಾಸಿಟರ್ ಮಾತ್ರ ತರಬಾರದು, ಅದು ಎಲೆಕ್ಟ್ರೋಲಿಟಿಕ್. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ಇನ್ನೂ ಅಂದದವು ಸಿಗುತ್ತವೆ. ಸಣ್ಣ ರೆಸಿಸ್ಟರುಗಳಿಗಾಗಿ ನಾನೂ ಹೋದೆ. ಆದರೆ ಮಧ್ಯದ ಹಾಳೆಯ ದೊಡ್ಡ ಮೈಕ್ರೋಫ್ಯಾರಡ್‌ಗೆ ಹಾಸನದ ಪಂಪ್‌ಸೆಟ್ ಅಂಗಡಿಯೇ ಸಾಕಾಯಿತು. ಎರಡು 36 ಸೇರಿ 72. ಸಮಾನಾಂತರವಾಗಿ ಕೂಡಿಸಿದರೆ ಕೆಪಾಸಿಟರುಗಳ ಮೈಕ್ರೋಫ್ಯಾರಡ್ ಕೂಡುತ್ತ ಹೋಗುತ್ತದೆ. ಹಾಗಾಗಿ ಫ್ಯಾನಿನ 2.5ಗಳು ನನ್ನ ಚಿಲ್ಲರೆ ಕಾಸು.

ಮೊದಲು ಎರಡೂ ಕಡೆ 80ಕ್ಕೆ ಸರಿಸಮ ಮಾಡಿದೆ. ತಂಬೂರಿ ಹಾಕಿದೊಡನೆ ಗಾಂಧಾರ ಬಲದಿಂದ ಎದ್ದು ನಟ್ಟನಡುವೆ ಬಂದು ನಿಂತಿತು. ಮಾವನ ದೂರು ಅಲ್ಲಿಗೆ ಮುಗಿಯಿತು. ಅಸಲಿ ಕೆಲಸ ಶುರುವಾದದ್ದು ಆಮೇಲೆ. ಗಾಂಧಾರ ನಡುವೆ ನಿಂತಿತ್ತು, ಆದರೆ ಷಡ್ಜದಿಂದ ಬೇರ್ಪಟ್ಟು, ಮೇಲೆಲ್ಲೋ ತೇಲುತ್ತಿತ್ತು. ಸೊಸೆ ಪಕ್ಕದಲ್ಲಿ ಮೀಟಿದಾಗ ಅದು ಮಂದ್ರದ ಮೈಯಿಂದಲೇ ಚಿಗುರಿದಂತೆ ಕೇಳುತ್ತಿತ್ತು.

ಫ್ಯಾನಿನ ಕೆಪಾಸಿಟರ್ ಒಂದೊಂದಾಗಿ ಎರಡೂ ಕಡೆ ಸೇರಿಸುತ್ತ ಹೋದೆ. ಪ್ರತಿ ಸಲವೂ ಆಂಪ್ಲಿಫೈಯರ್ ಆರಿಸಿ, ಆಮೇಲೆ ಬಿಚ್ಚಿ ಕಟ್ಟಬೇಕು. ಕೈತಪ್ಪಿ ರಿಬ್ಬನ್ನಿನ ಕೆಪಾಸಿಟರಿನ ಎರಡು ತುದಿ ತಾಗಿದರೆ ಮಂದ್ರವೆಲ್ಲ ನೇರ ಆ ಅಲ್ಯೂಮಿನಿಯಂ ಹಾಳೆಗೆ ನುಗ್ಗಿ ಅದು ಹಿಗ್ಗಿಹೋಗುತ್ತದೆ. ಹಾಗೆ ಆರಿಸಿ ಹೊತ್ತಿಸುವ ನಡುವೆ ಕಿವಿಯ ನೆನಪು ಮಾಸುತ್ತದೆ. ಮುಂಚಿನದು ಹೇಗಿತ್ತು ಎಂಬುದನ್ನು ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ತಂಬೂರಿ ಪಕ್ಕದಲ್ಲೇ ಇದ್ದದ್ದು ಈ ಕಾರಣಕ್ಕೂ ಒಳ್ಳೆಯದಾಯಿತು. ನೆನಪನ್ನು ನಂಬಬೇಕಾಗಿರಲಿಲ್ಲ, ಮೀಟಿದರೆ ಆಯಿತು.

ಏರುತ್ತ ಹೋದಂತೆ ಗಾಂಧಾರ ಕೆಳಗಿಳಿದು ಷಡ್ಜಕ್ಕೆ ಒರಗಿತು. ಇನ್ನೂ ಏರಿಸಿದಾಗ ಬೇರೆ ತೊಂದರೆ ಬಂತು. ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರ ಹಾಡುಗಳು ಮಾವನಿಗೂ ನನಗೂ ಚಿಕ್ಕಂದಿನಿಂದ ಪರಿಚಿತ. ಅರಕಲಗೂಡು ತಾಲ್ಲೂಕಿನ ಆ ಕಾವೇರಿ ದಡದ ಊರು ಕೊಟ್ಟ ಸಂಗೀತಗಾರರನ್ನು ಎಣಿಸಲು ಕೂತರೆ ಸಂಜೆಯಾಗುತ್ತದೆ. ಶ್ರೀಕಂಠನ್ ಅವರ ಸಾಹಿತ್ಯದ ಉಚ್ಚಾರ ಅಕ್ಷರ ಅಕ್ಷರ ಬಿಡಿಸಿಟ್ಟಂತೆ ಇರುತ್ತದೆ. ಕೆಪಾಸಿಟರ್ 90 ಮೈಕ್ರೋಫ್ಯಾರಡ್ ದಾಟಿದಾಗ ಸ್ಪೀಕರಿನಲ್ಲಿ ಅವರ ದನಿಗೆ ಎದೆಕಫ ಕಟ್ಟಿತು. ಮಂದ್ರದ ಹಾಳೆಯೂ ಮಧ್ಯದ ಹಾಳೆಯೂ ಒಂದೇ ಸ್ವರವನ್ನು ಎಳೆದಾಡುತ್ತಿದ್ದವು. ಮಂದ್ರದ ಕಾಯಿಲ್‌ನಿಂದ ಒಂದಷ್ಟು ಸುತ್ತು ಬಿಚ್ಚಿದರೆ ಅದಕ್ಕೂ ಪರಿಹಾರವಿದೆ. ಆದರೆ ಬಿಚ್ಚಿದ ಸುತ್ತನ್ನು ಮತ್ತೆ ಸುತ್ತುವುದು ಕಷ್ಟ, ಕೆಪಾಸಿಟರ್ ತೆಗೆಯುವುದು ಸುಲಭ. ತೆಗೆಯುತ್ತ ಬಂದು 87ರಲ್ಲಿ ನಿಲ್ಲಿಸಿದೆ. ಲೆಕ್ಕದಲ್ಲಿ ಗಡಿ ಸುಮಾರು 457 ಹರ್ಟ್ಜ್. ತಯಾರಕರ ಗುರುತಿಗಿಂತ ತುಸು ಕೆಳಗೆ. ಅವರು ತಪ್ಪು ಎಂದಲ್ಲ, ಅವರ ಕೋಣೆ ನಮ್ಮ ಹಾಲ್ ಅಲ್ಲ, ಅಷ್ಟೇ.

ಮೃದಂಗ ಈ ಹಂತದಲ್ಲಿ ಒಳ್ಳೆಯ ಸಾಕ್ಷಿ ಹೇಳಿತು. ರವೆ ಹಚ್ಚಿದ ಎಡಭಾಗದ ಗುಮುಕಿ ಮಂದ್ರದ ಹಾಳೆಯಲ್ಲಿ, ಕರಣೆಯ ಬಲಭಾಗದ ನಾದ ಮಧ್ಯದ ಹಾಳೆಯಲ್ಲಿ. ಎರಡೂ ಒಂದೇ ಮರದ ಎರಡು ಬಾಯಿ ಎಂದು ಅನ್ನಿಸಬೇಕು. 80 ಮೈಕ್ರೋಫ್ಯಾರಡ್‌ನಲ್ಲಿ ಇಬ್ಬರು ನುಡಿಸುತ್ತಿದ್ದರು.

ರಿಬ್ಬನ್ನಿನ ಕಡೆ ಬಂದಾಗ ನನ್ನ ಒಂದು ಹಳೆಯ ಅನುಮಾನ ಗಟ್ಟಿಯಾಯಿತು. ಹಳೆಯ ಎಲೆಕ್ಟ್ರೋಲಿಟಿಕ್ ತೆಗೆದು ಫಿಲ್ಮ್ ಹಾಕಿದೊಡನೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಪರದೆ ಸರಿದಂತಾಯಿತು, ಕಾಣದ್ದೆಲ್ಲ ಕಾಣಿಸಿತು. ನನಗೂ ಕಾಣಿಸಿತು. ಆಮೇಲೆ ಆ ಫಿಲ್ಮ್ ಕೆಪಾಸಿಟರಿಗೆ ಸರಣಿಯಲ್ಲಿ ಅರ್ಧ ಓಮ್ ರೆಸಿಸ್ಟರ್ ಇಟ್ಟೆ, ಹಳೆಯದರ ಒಳಪ್ರತಿರೋಧದಷ್ಟೇ. ಸರಿದ ಪರದೆಯ ಮುಕ್ಕಾಲು ಪಾಲು ಮತ್ತೆ ಬಂದು ಮುಚ್ಚಿಕೊಂಡಿತು. 4 ಓಮ್‌ನ ಎದುರು ಅರ್ಧ ಓಮ್ ಎಂದರೆ ಒಂದು ಡೆಸಿಬೆಲ್ ಇಳಿತ. ಒಂದು ಓಮ್ ಎಂದರೆ ಸುಮಾರು ಎರಡು. ಅಂದರೆ ಜನ ಹೊಗಳುವ ಆ ಸ್ಪಷ್ಟತೆಯ ಬಹುಪಾಲು ತಾರಸ್ವರ ತುಸು ಜೋರಾದದ್ದು ಮಾತ್ರ. ಉಳಿದ ಕಾಲು ಪಾಲು ನಿಜವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಇಷ್ಟು ಬೆಲೆ ಕೊಡಬೇಕೇ ಎಂಬುದು ಅವರವರ ಜೇಬಿಗೆ ಬಿಟ್ಟದ್ದು.

ಆ ರೆಸಿಸ್ಟರ್ ಎಷ್ಟಿರಬೇಕು ಎಂಬುದನ್ನು ತಂಬೂರಿ ಹೇಳಲಿಲ್ಲ. ಅಷ್ಟು ಮೇಲೆ ಅದರ ದನಿ ಸಣ್ಣದು, ನನ್ನ ಮೈಕಿನ ಬಣ್ಣ ದೊಡ್ಡದು. ಇಲ್ಲಿ ಉಪಯೋಗಕ್ಕೆ ಬಂದದ್ದು ಆಕಾಶವಾಣಿಯ ವಾರ್ತೆ. ಕನ್ನಡ ವಾರ್ತೆ ಓದುವವರು ಸಕಾರ ಶಕಾರಗಳನ್ನು ಕಟ್ಟುನಿಟ್ಟಾಗಿ ಬೇರೆ ಮಾಡಿ ನುಡಿಯುತ್ತಾರೆ. ಶಕಾರದ ಸುಯ್ಯುವಿಕೆ ಕೆಳಗೆ ಇರುತ್ತದೆ, ಸಕಾರದ್ದು ಮೇಲೆ, ಐದಾರು ಸಾವಿರ ಹರ್ಟ್ಜ್ ದಾಟಿ. ‘ಶಾಸಕರ ಸಭೆ’ ಎಂದಾಗ ಎರಡೂ ಒಂದೇ ಬಾಯಿಂದ, ಒಂದೇ ಎತ್ತರದಿಂದ ಬರಬೇಕು. ರಿಬ್ಬನ್ ಜೋರಾದರೆ ಸಕಾರ ಬಾಯಿಯಿಂದ ಹಾರಿ ಪಕ್ಕಕ್ಕೆ ಉಗುಳುತ್ತದೆ, ಕಡಿಮೆಯಾದರೆ ಶಕಾರವೂ ಸಕಾರವೂ ಒಂದೇ ಆಗುತ್ತವೆ. ಇದಕ್ಕೆ ಮೊಮ್ಮಗಳ ಕಿವಿ ಬೇಕಾಯಿತು. ಅವಳನ್ನು ಸ್ಪೀಕರಿಗೆ ಬೆನ್ನು ಮಾಡಿ ಕೂರಿಸಿ, ಏನು ಬದಲಿಸಿದೆ ಎಂದು ಹೇಳದೆ ರೆಸಿಸ್ಟರ್ ಬದಲಿಸಿದೆ. ಕೆಲವು ಸಲ ಏನೂ ಬದಲಿಸದೆ ಸುಮ್ಮನೆ ಸದ್ದು ಮಾಡಿದೆ.

“ಅಜ್ಜ, ಈಗ ನೀವು ಏನೂ ಮಾಡಲಿಲ್ಲ ಅಲ್ಲವೇ?” ಎಂದಳು ಒಂದು ಸಲ. ಆಗ ಅವಳ ತೀರ್ಪಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂತು.

ಅವಳು ಒಂದು ಓಮ್ ಇಟ್ಟಾಗ ‘ಮಂಕು’ ಎಂದಳು, ಏನೂ ಇಡದಾಗ ‘ಚುಚ್ಚುತ್ತದೆ’ ಎಂದಳು. ಎರಡು ಒಂದು ಓಮ್‌ಗಳನ್ನು ಸಮಾನಾಂತರವಾಗಿ ಕೂಡಿಸಿ ಅರ್ಧ ಮಾಡಿದಾಗ ಏನೂ ಹೇಳದೆ ವಾರ್ತೆ ಮುಗಿಯುವ ತನಕ ಕೇಳಿದಳು. ಅದನ್ನೇ ಬೆಸೆದೆ. ತಮಾಷೆಯೆಂದರೆ ಹಳೆಯ ಕೆಪಾಸಿಟರ್ ತನ್ನ ಮುಪ್ಪಿನಿಂದಲೇ ಅಲ್ಲಿಗೆ ಹತ್ತಿರ ತಲುಪಿತ್ತು.

ಮಾವ ಬಂದು ಕೇಳಿದರು. ಬಾಗಿಲಲ್ಲೇ ಶುರು, “ಏನೋ, ನನ್ನ ಸ್ಪೀಕರಿಗೆ ಬೋರ್‌ವೆಲ್ ಕೆಪಾಸಿಟರ್ ಹಾಕಿದ್ದೀಯಂತೆ?”

“ಹೌದು ಮಾವ. ಕೂತುಕೊಳ್ಳಿ.”

ಒಂದು ಕೀರ್ತನೆ ಮುಗಿಯುವ ತನಕ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ತಮ್ಮ ಕುರ್ಚಿಯನ್ನು ಒಂದಡಿ ಎಡಕ್ಕೆ, ಮತ್ತೆ ಬಲಕ್ಕೆ ಸರಿಸಿ ನೋಡಿದರು. “ಈಗ ನಡುವೆ ಕೂತಿದ್ದಾರೆ. ಆದರೆ ಪಿಟೀಲು ಸ್ವಲ್ಪ ಮುಂದೆ ಬಂದಿದೆ,” ಎಂದರು. ಪಿಟೀಲು ಮುಂದೆ ಬಂದದ್ದು ನಿಜ. ಮಧ್ಯದ ಹಾಳೆಯ ಒಳಪ್ರತಿರೋಧ ಹೋದುದರಿಂದ ಆ ಇಡೀ ಪ್ರದೇಶ ಅಷ್ಟಿಷ್ಟು ಏರಿದೆ. ಕಾಲು ಓಮ್ ಇಟ್ಟರೆ ಅರ್ಧ ಡೆಸಿಬೆಲ್ ಇಳಿಯುತ್ತದೆ. ಇಡುವುದೋ ಬೇಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವರಿಗೆ ಪಿಟೀಲು ಹಿಂದಿರಬೇಕು, ಸೊಸೆಗೆ ಇದ್ದಲ್ಲಿಯೇ ಸರಿ.

ಸ್ಪೀಕರನ್ನು ತೋಟಕ್ಕೆ ಯಾವಾಗ ಕಳಿಸುತ್ತೀಯ ಎಂದು ಅವರು ಕೇಳುತ್ತಿದ್ದಾರೆ. ಆ ಕೋಣೆಗೆ ತೇವ ಹೀರುವ ಯಂತ್ರ ಹಾಕಿಸಿದ ಮೇಲೆ ಎಂದು ಹೇಳಿದ್ದೇನೆ. ಅಲ್ಲಿ ಗೋಡೆಯ ದೂರವೂ ಬೇರೆ, ನೆಲ ಹಲಗೆಯದು, ಹೆಂಚಿನ ಮಾಡು. 87 ಅಲ್ಲಿಗೆ ಒಗ್ಗಲಿಕ್ಕಿಲ್ಲ. ಫ್ಯಾನಿನ ಕೆಪಾಸಿಟರುಗಳನ್ನು ಬೆಸೆಯದೆ ಹಿತ್ತಾಳೆಯ ಸ್ಕ್ರೂಗಳಲ್ಲೇ ಬಿಟ್ಟಿದ್ದೇನೆ.